ಹೊಸ ವಿದ್ಯಾರ್ಥಿಗಳ ಕೋರ್ಸುಗಳನ್ನು ಜೋಡಿಸಿ, ಶಿಕ್ಷಕರನ್ನೂ ಜೋಡಿಸಿ: ಕಾಲೇಜು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರೇ, ವಿಭಾಗದ ಮುಖ್ಯಸ್ಥರೇ, ಪಠ್ಯಕ್ರಮ ಸಮಿತಿ ಮತ್ತು ಟೈಮ್‌ಟೇಬಲ್ ಸಮಿತಿಯ ಸದಸ್ಯರೇ,

ಮುಂದಿನ ವರ್ಷದ ಮೊದಲ ಸೆಮಿಸ್ಟರ್‌ಗೆ ಟೈಮ್‌ಟೇಬಲ್ ಹಾಕಲು ನೀವು ಕೂರುವ ಮುಂಚೆ ಈ ಪತ್ರ ನಿಮ್ಮ ಕಣ್ಣಿಗೆ ಬೀಳಲಿ ಅಂತ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ. ಹೊಸದಾಗಿ ಕಾಲೇಜಿಗೆ ಸೇರುವವರ ಕೋರ್ಸುಗಳಲ್ಲಿ ಎರಡನ್ನಾದರೂ ಜೋಡಿಸಿ. ಅದೇ ಇಪ್ಪತ್ತೈದು ಮಂದಿ ಎರಡೂ ಕ್ಲಾಸಿನಲ್ಲಿ ಒಟ್ಟಿಗೆ ಇರಲಿ. ಆ ಎರಡು ಕೋರ್ಸು ಕಲಿಸುವ ಶಿಕ್ಷಕರು ಒಟ್ಟಿಗೆ ಕೂತು ಪಾಠ ಯೋಜಿಸಲಿ. ಆ ಸಮಯವನ್ನು ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ. ಮೊದಲ ಭಾಗವನ್ನು ಟೈಮ್‌ಟೇಬಲ್ ಮಾಡುವವರು ಹೇಗೋ ಹೊಂದಿಸಿಬಿಡುತ್ತಾರೆ. ಎರಡನೆಯದಕ್ಕೆ ನಿಮ್ಮ ನಿರ್ಧಾರ ಬೇಕು. ನನ್ನ ಪತ್ರ ಹೆಚ್ಚಾಗಿ ಆ ಎರಡನೆಯ ಭಾಗದ ಬಗ್ಗೆಯೇ.

ನಾನು ಮೊದಲ ವರ್ಷದವರಿಗೆ ಬರವಣಿಗೆ ಕಲಿಸುವ ಶಿಕ್ಷಕಿ. ಕಾಲೇಜಿನ ಮೊದಲ ವಾರಗಳಲ್ಲಿ ಮಕ್ಕಳ ಮುಖಗಳನ್ನು ಹತ್ತಿರದಿಂದ ನೋಡುವ ಕೆಲಸ ಇದು. ಬಂದವರಲ್ಲಿ ಕೆಲವರು ಸದ್ದಿಲ್ಲದೆ ಕಾಣೆಯಾಗುತ್ತಾರೆ. ಯಾರೂ ಬೈದಿರುವುದಿಲ್ಲ, ಫೇಲ್ ಕೂಡ ಆಗಿರುವುದಿಲ್ಲ. ಒಂದು ಕ್ಲಾಸು ತಪ್ಪಿಸುತ್ತಾರೆ, ಆಮೇಲೆ ಇನ್ನೊಂದು. ಏನು ಪಾಠ ಆಯ್ತು ಅಂತ ಕೇಳಲು ಯಾರ ಪರಿಚಯವೂ ಇರುವುದಿಲ್ಲ. ಹಿಂದೆ ಬಿದ್ದಿದ್ದು ದೊಡ್ಡದಾಗುತ್ತಾ ಹೋಗುತ್ತದೆ. ಅಷ್ಟೇ ಸಾಕು, ಒಬ್ಬರು ಓದು ಬಿಡಲು.

ಹೊಸಬರ ಒಂದು ದಿನವನ್ನು ಅವರ ಕಡೆಯಿಂದ ನೋಡಿ. ಬೆಳಿಗ್ಗೆ ಸಂಖ್ಯಾಶಾಸ್ತ್ರ, ದೊಡ್ಡ ಹಾಲ್, ತುಂಬಾ ಮಂದಿ. ಆಮೇಲೆ ಸಮಾಜಶಾಸ್ತ್ರ, ಬೇರೆ ಕೋಣೆ, ಬೇರೆ ಮುಖಗಳು. ಮಧ್ಯಾಹ್ನ ನನ್ನ ಬರವಣಿಗೆ ಕ್ಲಾಸು, ಮತ್ತೆ ಹೊಸ ಗುಂಪು. ಪ್ರತಿ ಸಲ ಅಪರಿಚಿತರ ನಡುವೆ ಕೂರಬೇಕು. ಪಾಠಗಳೂ ಹಾಗೆಯೇ. ಒಂದು ಕ್ಲಾಸಿನಲ್ಲಿ ಕಲಿತದ್ದು ಇನ್ನೊಂದರಲ್ಲಿ ಬೇಕಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಮೂವರು ಶಿಕ್ಷಕರೂ ಒಂದೇ ವಾರದಲ್ಲಿ ಅಸೈನ್‌ಮೆಂಟ್ ಕೇಳುತ್ತಾರೆ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.

ಕೆಲವು ಕಾಲೇಜುಗಳಲ್ಲಿ ಇಡೀ ದಿನ ಒಂದೇ ಸೆಕ್ಷನ್ ಒಂದೇ ಕೋಣೆಯಲ್ಲಿ ಕೂರುತ್ತದೆ. ನಮ್ಮಲ್ಲಿ ಈ ತೊಂದರೆ ಇಲ್ಲ ಅಂತ ಅಲ್ಲಿನವರಿಗೆ ಅನಿಸಬಹುದು. ಮುಖ ಪರಿಚಯದ ಮಟ್ಟಿಗೆ ಅದು ನಿಜ. ಆದರೆ ಪಾಠಗಳು ಅಲ್ಲೂ ಒಂದಕ್ಕೊಂದು ಮಾತಾಡುವುದಿಲ್ಲ. ಗಂಟೆ ಹೊಡೆಯುತ್ತದೆ, ಒಬ್ಬರು ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ, ಬೋರ್ಡ್ ಒರೆಸುತ್ತಾರೆ. ಒಂದೇ ಬಸ್ಸಿನಲ್ಲಿ ಕೂತ ಮಾತ್ರಕ್ಕೆ ಎಲ್ಲರೂ ಒಟ್ಟಿಗೆ ಪ್ರಯಾಣ ಹೊರಟವರು ಅಂತ ಆಗುವುದಿಲ್ಲ, ಅಲ್ವಾ?

ಜೊತೆಯಲ್ಲಿ ಓದುವುದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತ ಸಂಶೋಧಕ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ಯಾಕೆ ಜಾಸ್ತಿ ಫೇಲ್ ಆಗುತ್ತಿದ್ದಾರೆ ಅಂತ ಹುಡುಕಲು ಹೊರಟರು. ಆಸಕ್ತಿ ಕಡಿಮೆ, ಮನೆಯ ಬೆಂಬಲ ಇಲ್ಲ, ಹಿಂದಿನ ಓದು ಗಟ್ಟಿ ಇಲ್ಲ ಅಂತ ಬೋಧಕರು ಕಾರಣ ಹೇಳುತ್ತಿದ್ದರು. ಟ್ರೈಸ್‌ಮನ್ ಅಷ್ಟಕ್ಕೆ ಒಪ್ಪಲಿಲ್ಲ. ಕಪ್ಪು ವಿದ್ಯಾರ್ಥಿಗಳ ಒಂದು ಗುಂಪನ್ನೂ ಚೀನೀ ಮೂಲದ ವಿದ್ಯಾರ್ಥಿಗಳ ಒಂದು ಗುಂಪನ್ನೂ ತಿಂಗಳುಗಟ್ಟಲೆ ಹಿಂಬಾಲಿಸಿ, ಅವರು ಹೇಗೆ ಓದುತ್ತಾರೆ ಅಂತ ಕಣ್ಣಾರೆ ನೋಡಿದರು. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಬಹುಪಾಲು ಒಬ್ಬೊಬ್ಬರೇ. ಚೀನೀ ಮೂಲದವರು ಮೊದಲು ಒಬ್ಬರೇ ಕೂತು ಲೆಕ್ಕ ಮಾಡಿ, ಆಮೇಲೆ ಗುಂಪಾಗಿ ಸೇರಿ ಉತ್ತರ ತಾಳೆ ನೋಡುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕ ಬಂದರೆ ಅದು ನಿಜಕ್ಕೂ ಕಷ್ಟದ್ದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಒಬ್ಬರೇ ಓದುವವರಿಗೆ ಅದೇ ಲೆಕ್ಕ ಬಾರದಿದ್ದರೆ 'ನನ್ನಲ್ಲೇ ಏನೋ ಕೊರತೆ ಇದೆ' ಅನಿಸುತ್ತದೆ.

ಆ ಮೇಲೆ ಟ್ರೈಸ್‌ಮನ್ ಕಟ್ಟಿದ ಕಾರ್ಯಕ್ರಮ ಇನ್ನೂ ಮುಖ್ಯ. ಅದನ್ನು 'ಹಿಂದೆ ಬಿದ್ದವರ ಟ್ಯೂಷನ್' ಅಂತ ಕರೆಯಲಿಲ್ಲ. ಬುದ್ಧಿವಂತರಿಗೆಂದೇ ಇರುವ ವರ್ಕ್‌ಶಾಪ್ ಅಂತ ಕರೆದು, ಮಾಮೂಲಿಗಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟು, ಗುಂಪಿನಲ್ಲಿ ಬಿಡಿಸಲು ಹಚ್ಚಿದರು. ಫಲಿತಾಂಶ ಚೆನ್ನಾಗಿ ಸುಧಾರಿಸಿತು. ಕಷ್ಟದ ಕೆಲಸ, ಜೊತೆಗಾರರು, ಗೌರವ, ಈ ಮೂರೂ ಒಂದೇ ಕಡೆ ಸಿಕ್ಕಿದ್ದರ ಫಲ ಅದು ಅಂತ ನಾನು ನಂಬುತ್ತೇನೆ. ಜೋಡಿ ಕೋರ್ಸಿನಲ್ಲಿ ನಾವು ಕೊಡಬೇಕಾದದ್ದೂ ಈ ಮೂರನ್ನೇ.

ಇದು ಹೊಸ ಯೋಚನೆ ಅಲ್ಲ. 1927ರಲ್ಲೇ ಅಲೆಕ್ಸಾಂಡರ್ ಮೈಕಲ್‌ಜಾನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಕಾಲೇಜು ತೆರೆದರು. ಬಿಡಿ ಬಿಡಿ ಕೋರ್ಸುಗಳೇ ಇಲ್ಲ. ಮೊದಲ ವರ್ಷ ಇಡೀ ಗುಂಪು ಪ್ರಾಚೀನ ಅಥೆನ್ಸ್ ಬಗ್ಗೆ ಓದುತ್ತಿತ್ತು, ಎರಡನೇ ವರ್ಷ ತಮ್ಮದೇ ಅಮೆರಿಕದ ಬಗ್ಗೆ. ಹುಡುಗರೂ ಶಿಕ್ಷಕರೂ ಒಂದೇ ವಸತಿ ಕಟ್ಟಡದ ಸುತ್ತ ಓಡಾಡಿಕೊಂಡು, ಒಂದೇ ಪುಸ್ತಕ ಓದಿ, ವಾದ ಮಾಡುತ್ತಿದ್ದರು. 1932ರಲ್ಲಿ ಅದು ಮುಚ್ಚಿತು. ಮೈಕಲ್‌ಜಾನ್ ಅವರ ಶಿಷ್ಯ ಜೋಸೆಫ್ ಟಸ್‌ಮನ್ 1965ರಲ್ಲಿ ಬರ್ಕ್ಲಿಯಲ್ಲಿ ಅಂಥದೇ ಪ್ರಯೋಗ ಶುರು ಮಾಡಿದರು. ಅದೂ 1969ಕ್ಕೆ ಮುಗಿಯಿತು. ಎರಡೂ ತುಂಬ ಒಳ್ಳೆಯ ಪ್ರಯೋಗಗಳು, ಎರಡೂ ಕೆಲವೇ ವರ್ಷ ಬಾಳಿದವು. ಇದರಲ್ಲಿ ನಿಮ್ಮಂಥ ಆಡಳಿತದವರು ಗಮನಿಸಬೇಕಾದ ಒಂದು ವಿಷಯವಿದೆ. ಒಬ್ಬ ಉತ್ಸಾಹಿ ವ್ಯಕ್ತಿಯ ಸುತ್ತ ಕಟ್ಟಿದ್ದು, ಆ ವ್ಯಕ್ತಿ ದಣಿದಾಗ ನಿಂತುಹೋಗುವ ಸಾಧ್ಯತೆ ಜಾಸ್ತಿ. ಕಾಲೇಜಿನ ಮಾಮೂಲಿ ವ್ಯವಸ್ಥೆಯ ಒಳಗೆ ಅದಕ್ಕೆ ಜಾಗ, ಹಣ, ಸಮಯ ಇಟ್ಟರೆ ಉಳಿಯುತ್ತದೆ. 1971ರಲ್ಲಿ ತೆರೆದ ವಾಷಿಂಗ್‌ಟನ್ ರಾಜ್ಯದ ಎವರ್‌ಗ್ರೀನ್ ಸ್ಟೇಟ್ ಕಾಲೇಜು ಹಾಗೆ ಮಾಡಿತು. ಬೇರೆ ಬೇರೆ ವಿಷಯಗಳ ಶಿಕ್ಷಕರು ಸೇರಿ ಒಂದೇ ದೊಡ್ಡ ಕಾರ್ಯಕ್ರಮ ಕಲಿಸುವುದೇ ಅಲ್ಲಿನ ದಿನನಿತ್ಯದ ಪದ್ಧತಿಯಾಯಿತು.

ನಾನು ಎವರ್‌ಗ್ರೀನ್‌ನಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಇಡೀ ಕಾಲೇಜನ್ನು ಬದಲಾಯಿಸದೆ ಮಾಡುವ ದಾರಿಗಳೂ ಇವೆ. 1982ರಲ್ಲಿ ಆರೆಗಾನ್ ವಿಶ್ವವಿದ್ಯಾಲಯ ಹೊಸಬರನ್ನು ಆಸಕ್ತಿಗೆ ತಕ್ಕಂತೆ ಸಣ್ಣ ಗುಂಪು ಮಾಡಿ, ಅದೇ ಗುಂಪು ಕೆಲವು ದೊಡ್ಡ ಕ್ಲಾಸುಗಳಿಗೆ ಒಟ್ಟಿಗೆ ಹೋಗುವ ಹಾಗೆ ಮಾಡಿತು. ಒಬ್ಬ ಹಿರಿಯ ವಿದ್ಯಾರ್ಥಿ ವಾರಕ್ಕೊಮ್ಮೆ ಅವರ ಜೊತೆ ಕೂರುತ್ತಿದ್ದ. ಖರ್ಚು ತೀರಾ ಕಡಿಮೆ. ಇನ್ನು ಎರಡು ಕೋರ್ಸುಗಳನ್ನು ಜೋಡಿಸಿ ಇಬ್ಬರು ಶಿಕ್ಷಕರು ಕೈಜೋಡಿಸುವ ಮಾದರಿ ಇದೆ. ಮೂರು ಕೋರ್ಸುಗಳ ಗೊಂಚಲು ಮಾಡುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ಮಾಡುವ ಕಾಲೇಜಿಗೆ ಎರಡರ ಜೋಡಿಯೇ ಸರಿ. ಮೂವರು ಶಿಕ್ಷಕರು ಒಟ್ಟಿಗೆ ಬಿಡುವಾಗಿರುವ ಗಂಟೆ ಹುಡುಕುವುದರಲ್ಲೇ ಸೆಮಿಸ್ಟರ್ ಮುಗಿದುಹೋಗುತ್ತದೆ.

ಜೋಡಿ ಅಂದರೆ ಒಳಗೆ ಏನು ನಡೆಯಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ನಿಂತಿರುವುದೇ ಇದರ ಮೇಲೆ.

ಸಂಖ್ಯಾಶಾಸ್ತ್ರವನ್ನೂ ಬರವಣಿಗೆಯನ್ನೂ ಜೋಡಿಸಿದೆವು ಅಂತಿಟ್ಟುಕೊಳ್ಳಿ. ವಿದ್ಯಾರ್ಥಿಗಳು ಒಂದು ವಾರ ತಮ್ಮ ಸಮಯದ ಲೆಕ್ಕ ಬರೆದಿಡುತ್ತಾರೆ. ಓಡಾಟಕ್ಕೆ ಎಷ್ಟು ಗಂಟೆ, ಮನೆಗೆಲಸಕ್ಕೆ ಎಷ್ಟು, ಸಂಪಾದನೆಯ ಕೆಲಸಕ್ಕೆ ಎಷ್ಟು, ಓದಿಗೆ ಎಷ್ಟು, ನಿದ್ದೆಗೆ ಎಷ್ಟು. ಹೆಸರು ಬರೆಯುವಂತಿಲ್ಲ. ಅಂಕಿಗಳು ಸಂಖ್ಯಾಶಾಸ್ತ್ರದ ಕ್ಲಾಸಿಗೆ ಹೋಗುತ್ತವೆ. ಅಲ್ಲಿ ಸರಾಸರಿ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ), ಹರವು (ಅಂಕಿಗಳು ಎಷ್ಟು ಚದುರಿವೆ ಅನ್ನುವುದು) ಎಲ್ಲವನ್ನೂ ತಮ್ಮದೇ ಅಂಕಿಗಳ ಮೇಲೆ ಕಲಿಯುತ್ತಾರೆ. ಐದು ಜನ ದಿನಕ್ಕೆ ದುಡಿಯುವ ಗಂಟೆಗಳು 0, 0, 1, 2, 7 ಅಂತಿದ್ದರೆ ಸರಾಸರಿ 2 ಗಂಟೆ, ಮಧ್ಯಾಂಕ 1 ಗಂಟೆ. ಇಷ್ಟು ಲೆಕ್ಕ ಯಾರಾದರೂ ಮಾಡುತ್ತಾರೆ.

ಅದೇ ಅಂಕಿ ನನ್ನ ಕ್ಲಾಸಿಗೆ ಬಂದಾಗ ಪ್ರಶ್ನೆ ಬೇರೆಯಾಗುತ್ತದೆ. 'ನಮ್ಮ ಗುಂಪಿನವರು ದಿನಕ್ಕೆ ಎರಡು ಗಂಟೆ ದುಡಿಯುತ್ತಾರೆ' ಅಂತ ಒಬ್ಬರು ಬರೆಯುತ್ತಾರೆ. ಲೆಕ್ಕದ ಪ್ರಕಾರ ತಪ್ಪೇನಿಲ್ಲ. ಆದರೆ ಆ ವಾಕ್ಯ ಓದಿದರೆ ಏಳು ಗಂಟೆ ದುಡಿದು ಕ್ಲಾಸಿಗೆ ಬರುವ ಒಬ್ಬರು ಕಾಣುವುದೇ ಇಲ್ಲ. ಇಬ್ಬರಿಗೆ ಕೆಲಸವೇ ಇಲ್ಲ ಅನ್ನುವುದೂ ಕಾಣುವುದಿಲ್ಲ. ಹಾಗಾದರೆ ವಾಕ್ಯವನ್ನು ಹೇಗೆ ಬರೆಯಬೇಕು? ಯಾವ ಅಂಕಿ ಮೊದಲು ಬರಬೇಕು? ಓದುವವರು ಯಾರು? ಈ ಚರ್ಚೆ ಮುಗಿಸಿ ಅವರು ಮತ್ತೆ ಸಂಖ್ಯಾಶಾಸ್ತ್ರದ ಕ್ಲಾಸಿಗೆ ಹೋಗುತ್ತಾರೆ. ಈ ಸಲ ಹರವು ಯಾಕೆ ಬೇಕು ಅಂತ ಶಿಕ್ಷಕರು ಒತ್ತಿ ಹೇಳಬೇಕಾಗಿಲ್ಲ. ಅದರ ಅಗತ್ಯ ಅವರಿಗೇ ಕಂಡಿರುತ್ತದೆ.

ಕೊನೆಗೆ ಅವರು ಕಾಲೇಜಿಗೇ ಒಂದು ಮನವಿ ಬರೆಯುತ್ತಾರೆ. ಗ್ರಂಥಾಲಯ ಯಾವ ಹೊತ್ತಿನಲ್ಲಿ ತೆರೆದಿರಬೇಕು ಅಂತ, ತಮ್ಮದೇ ಲೆಕ್ಕದ ಆಧಾರದ ಮೇಲೆ. ಅಂಕಿಗಳಿಗೆ ಸಂಖ್ಯಾಶಾಸ್ತ್ರದ ಶಿಕ್ಷಕರು ಮಾರ್ಕ್ಸ್ ಹಾಕುತ್ತಾರೆ, ವಾದಕ್ಕೂ ಭಾಷೆಗೂ ನಾನು. ಒಂದೇ ಬರಹ, ಎರಡು ಕೋರ್ಸಿನಲ್ಲೂ ಲೆಕ್ಕಕ್ಕೆ ಬರುತ್ತದೆ. ವಿದ್ಯಾರ್ಥಿಯ ಹೊರೆ ಹೆಚ್ಚಲಿಲ್ಲ, ಕೆಲಸದ ಆಳ ಹೆಚ್ಚಿತು. ಇದನ್ನೇ ಜೋಡಣೆ ಅನ್ನುವುದು. ಸುಮ್ನೆ ಒಂದೇ ಗುಂಪನ್ನು ಎರಡು ಕೋಣೆಗೆ ಕಳಿಸಿದರೆ ಇದು ಆಗುವುದಿಲ್ಲ.

ಇಬ್ಬರು ಶಿಕ್ಷಕರಿಗೂ ಒಂದೇ ಗುಂಪು ಪರಿಚಯವಿದ್ದರೆ ಇನ್ನೊಂದು ಲಾಭ ಇದೆ. ಒಬ್ಬ ವಿದ್ಯಾರ್ಥಿ ನನ್ನ ಕ್ಲಾಸಿಗೆ ಎರಡು ದಿನ ಬರಲಿಲ್ಲ ಅಂದುಕೊಳ್ಳಿ. ನನ್ನ ಪಾಠ ಬೇಜಾರಾಗಿದೆಯೋ, ಮನೆಯಲ್ಲಿ ತೊಂದರೆಯೋ ಗೊತ್ತಾಗುವುದಿಲ್ಲ. ಜೊತೆಯ ಶಿಕ್ಷಕರನ್ನು ಕೇಳಿ, ಅಲ್ಲೂ ಬಂದಿಲ್ಲ ಅಂತ ತಿಳಿದರೆ ಅದೇ ದಿನ ಫೋನ್ ಮಾಡಬಹುದು. ನಮಗಿಂತ ಮುಂಚೆ ಆ ಗುಂಪಿನವರೇ ವಿಚಾರಿಸಿರುತ್ತಾರೆ. ಎರಡು ಕ್ಲಾಸಿನಲ್ಲಿ ಪಕ್ಕ ಕೂರುವವರು ಬಾರದಿದ್ದರೆ ಗೊತ್ತಾಗದೆ ಇರುತ್ತದೆಯೇ?

ವಿನ್ಸೆಂಟ್ ಟಿಂಟೊ ಎಂಬ ಶಿಕ್ಷಣ ಸಂಶೋಧಕ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಸಿಯಾಟಲ್ ಸೆಂಟ್ರಲ್ ಕಮ್ಯುನಿಟಿ ಕಾಲೇಜಿನಲ್ಲಿ (ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಹೆಚ್ಚಾಗಿ ಎರಡು ವರ್ಷದ ಪದವಿ ಕೊಡುವ ಸ್ಥಳೀಯ ಕಾಲೇಜು) ನೋಡಿದ್ದೂ ಇಂಥದ್ದನ್ನೇ. ಅಲ್ಲಿನ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಇರುವವರಲ್ಲ. ಕೆಲಸ ಮಾಡುತ್ತಾ, ಸಂಸಾರ ನಡೆಸುತ್ತಾ, ಕ್ಲಾಸಿನ ಹೊತ್ತಿಗೆ ಬಂದು ಹೋಗುವವರು. ಕ್ರೀಡೆ, ಸಂಘ, ಹರಟೆ ಯಾವುದಕ್ಕೂ ಅವರಿಗೆ ಸಮಯವಿಲ್ಲ. ಅವರಿಗೆ ಕಾಲೇಜು ಅಂದರೆ ಕ್ಲಾಸ್‌ರೂಮು ಮಾತ್ರ. ಗೆಳೆತನ ಆದರೆ ಅಲ್ಲೇ ಆಗಬೇಕು, ಇಲ್ಲದಿದ್ದರೆ ಇಲ್ಲ. ಕೋರ್ಸುಗಳನ್ನು ಜೋಡಿಸಿದಾಗ ಅವರಿಗೆ ಗೆಳೆಯರೂ ಓದೂ ಒಂದೇ ಕಡೆ ಸಿಕ್ಕವು. ಗೆಳೆತನಕ್ಕೆ ಬೇರೆ ಸಮಯ, ಓದಿಗೆ ಬೇರೆ ಸಮಯ ಅಂತ ಹಂಚಬೇಕಾಗಲಿಲ್ಲ. ಹೊಸಬರನ್ನು ಬೆರೆಸಲು ಒಂದು ದಿನದ ಸ್ವಾಗತ ಸಮಾರಂಭ ಮಾಡಿ ಮುಗಿಸುವ ಕಾಲೇಜುಗಳು ಈ ಮಾತನ್ನು ದಯವಿಟ್ಟು ಯೋಚಿಸಬೇಕು. ಸಮಾರಂಭಕ್ಕೆ ಬಿಡುವಿಲ್ಲದವರಿಗೇ ಜೊತೆಗಾರರ ಅಗತ್ಯ ಜಾಸ್ತಿ.

ಈಗ ನೀವು ಕೇಳುವ ಪ್ರಶ್ನೆಗೆ ಬರುತ್ತೇನೆ. ಇದರಿಂದ ಫಲ ಸಿಗುತ್ತದೆಯೇ? ಉತ್ತರವನ್ನು ಉಬ್ಬಿಸಿ ಹೇಳಲು ನನಗೆ ಇಷ್ಟವಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಕಿಂಗ್ಸ್‌ಬರೋ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಗಟ್ಟಿಯಾದ ಪರೀಕ್ಷೆ ನಡೆಯಿತು. 2003ರಿಂದ 2005ರವರೆಗೆ ಸೇರಿದ 1,534 ಹೊಸ ವಿದ್ಯಾರ್ಥಿಗಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಸುಮಾರು 25 ಜನರ ತಂಡಗಳಲ್ಲಿ ಮೂರು ಕೋರ್ಸುಗಳನ್ನು ಒಟ್ಟಿಗೆ ಓದಿದರು: ಒಂದು ಇಂಗ್ಲಿಷ್, ಒಂದು ಮನಃಶಾಸ್ತ್ರ ಅಥವಾ ಆರೋಗ್ಯದಂಥ ವಿಷಯ, ಇನ್ನೊಂದು ಕಾಲೇಜಿನಲ್ಲಿ ಓದುವುದು ಹೇಗೆ ಅಂತ ಕಲಿಸುವ ಸಣ್ಣ ಕೋರ್ಸು. ಜೊತೆಗೆ ಹೆಚ್ಚಿನ ಸಲಹೆ, ಟ್ಯೂಷನ್, ಪುಸ್ತಕ ಕೊಳ್ಳಲು ನೆರವು ಇತ್ತು. ಇನ್ನೊಂದು ಗುಂಪಿನವರು ಎಂದಿನಂತೆ ಓದಿದರು. ಮೊದಲ ಸೆಮಿಸ್ಟರ್‌ನಲ್ಲಿ ಜೋಡಿ ಗುಂಪಿನವರು ಹೆಚ್ಚು ಕೋರ್ಸು ಪಾಸಾದರು, ಕಾಲೇಜು ತಮ್ಮದು ಎಂಬ ಭಾವನೆಯೂ ಹೆಚ್ಚಿತ್ತು. ಆರು ವರ್ಷದ ಹೊತ್ತಿಗೆ ಅವರಲ್ಲಿ ನೂರಕ್ಕೆ ಸುಮಾರು 36 ಜನ ಪದವಿ ಪಡೆದಿದ್ದರು. ಇನ್ನೊಂದು ಗುಂಪಿನಲ್ಲಿ ಅದು ಸುಮಾರು 31. ನೆನಪಿಡಿ, ಜೋಡಿಸಿದ್ದು ಒಂದೇ ಒಂದು ಸೆಮಿಸ್ಟರ್‌ನ ಕೋರ್ಸುಗಳನ್ನು.

ಅದಾದ ಮೇಲೆ, ಕಿಂಗ್ಸ್‌ಬರೋದ ಪರೀಕ್ಷೆ ನಡೆಸಿದ್ದ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯೇ ಆರು ಕಾಲೇಜುಗಳಲ್ಲಿ ಸುಮಾರು 7,000 ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಅಥವಾ ಗಣಿತದಲ್ಲಿ ಹಿಂದಿದ್ದವರು. ಫಲ ಸಣ್ಣದಾಗಿತ್ತು. ಜೋಡಿಸಿದ ವಿಷಯದಲ್ಲಿ ಸರಾಸರಿ ಅರ್ಧ ಕ್ರೆಡಿಟ್‌ನಷ್ಟು ಮುನ್ನಡೆ. ಓದು ಬಿಡದೆ ಮುಂದುವರಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ಕೋರ್ಸುಗಳ ಪಾಠವನ್ನು ನಿಜವಾಗಿ ಹೆಣೆಯುವುದು ಕಾಲೇಜುಗಳಿಗೆ ಕಷ್ಟವಾಗಿತ್ತು ಎಂಬುದೂ ಆ ಅಧ್ಯಯನದಲ್ಲಿ ಕಾಣಿಸಿತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡನೆಯದನ್ನು ತೋರಿಸಿ 'ಇದು ದಂಡ' ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಿಂಗ್ಸ್‌ಬರೋದಲ್ಲಿ ಕೋರ್ಸುಗಳ ಜೊತೆ ಸಲಹೆಗಾರರು, ಪುಸ್ತಕದ ನೆರವು, ಅನುಭವಿ ವ್ಯವಸ್ಥೆ ಎಲ್ಲ ಇತ್ತು. ಯಾವುದರಿಂದ ಎಷ್ಟು ಲಾಭ ಆಯ್ತು ಅಂತ ಬಿಡಿಸಿ ಹೇಳಲಾಗದು. ಆದರೆ ಒಂದು ಮಾತು ಸ್ಪಷ್ಟ. ಟೈಮ್‌ಟೇಬಲ್‌ನಲ್ಲಿ ಗೆರೆ ಎಳೆದು ಎರಡು ಕೋರ್ಸು ಕೂಡಿಸಿ, ಉಳಿದದ್ದು ತಾನಾಗಿ ಆಗುತ್ತದೆ ಅಂದುಕೊಂಡರೆ ದೊಡ್ಡ ಫಲ ನಿರೀಕ್ಷಿಸಬೇಡಿ. ಅಗ್ಗದಲ್ಲಿ ಮಾಡಿ, ಫಲ ಬರಲಿಲ್ಲ ಅಂತ ಕೈಬಿಡುವುದಾದರೆ ಶುರು ಮಾಡದಿರುವುದೇ ಒಳ್ಳೆಯದು. ಹಾಗೆ ಕೈಬಿಟ್ಟ ಕಾಲೇಜಿನಲ್ಲಿ ಮುಂದೆ ಹತ್ತು ವರ್ಷ ಯಾರೂ ಆ ಮಾತೆತ್ತುವುದಿಲ್ಲ.

ಆದ್ದರಿಂದಲೇ ನಾನು ಶಿಕ್ಷಕರ ಸಮಯದ ಬಗ್ಗೆ ಇಷ್ಟು ಹಟ ಹಿಡಿಯುತ್ತಿರುವುದು. ಇಬ್ಬರು ಶಿಕ್ಷಕರು ಸೆಮಿಸ್ಟರ್ ಶುರುವಾಗುವ ಮುಂಚೆ ಕೆಲವು ದಿನ, ಆಮೇಲೆ ವಾರಕ್ಕೊಂದು ಗಂಟೆ ಒಟ್ಟಿಗೆ ಕೂರಬೇಕು. ಯಾವ ವಾರ ಯಾವ ಪಾಠ, ಯಾವ ಅಸೈನ್‌ಮೆಂಟ್ ಎರಡಕ್ಕೂ ಸೇರುತ್ತದೆ, ಯಾರು ಹಿಂದೆ ಬೀಳುತ್ತಿದ್ದಾರೆ, ಇಷ್ಟನ್ನು ಮಾತಾಡಬೇಕು. ಇದು ಕೆಲಸ. ಕಾರಿಡಾರಿನಲ್ಲಿ ಎದುರಾದಾಗ ಮಾತಾಡಿಕೊಳ್ಳಿ ಅಂದರೆ ಆಗುವುದಲ್ಲ. ಒಂದು ಕೋರ್ಸಿನ ಹೊರೆ ಸ್ವಲ್ಪ ಇಳಿಸಿ, ಅಥವಾ ಈ ಗಂಟೆಗಳಿಗೆ ಸಂಬಳ ಕೊಡಿ. ಗಂಟೆ ಲೆಕ್ಕದಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕರ ವಿಷಯದಲ್ಲಂತೂ ಇದು ನ್ಯಾಯದ ಪ್ರಶ್ನೆ. ಮೊದಲ ವರ್ಷದ ಕ್ಲಾಸುಗಳು ಎಷ್ಟೋ ಕಡೆ ಅವರ ಮೇಲೆಯೇ ನಿಂತಿವೆ. ಕ್ಲಾಸಿನ ಗಂಟೆಗೆ ಮಾತ್ರ ದುಡ್ಡು ಪಡೆದು, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುವವರನ್ನು 'ಸ್ವಲ್ಪ ಕೂತು ಯೋಜನೆ ಮಾಡಿ' ಅಂತ ಪುಕ್ಕಟೆ ಕೇಳುವುದು ಸರಿಯಲ್ಲ.

ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಪ್ಯಾಟ್ರಿಕ್ ಹಿಲ್ ಮಾಡಿದ ಒಂದು ಏರ್ಪಾಡು ನನಗೆ ತುಂಬ ಇಷ್ಟ. ಜೋಡಿಸಿದ ಕೋರ್ಸುಗಳಿಗೆ ಬೇರೆ ವಿಭಾಗದ ಒಬ್ಬ ಪ್ರಾಧ್ಯಾಪಕರು ವಿದ್ಯಾರ್ಥಿಯಾಗಿ ಸೇರುತ್ತಿದ್ದರು. ಪಾಠ ಕೇಳುವುದು, ಓದುವುದು, ಅಸೈನ್‌ಮೆಂಟ್ ಬರೆಯುವುದು, ಎಲ್ಲ ಮಕ್ಕಳ ಜೊತೆಯಲ್ಲೇ. ಆಮೇಲೆ ವಾರಕ್ಕೊಮ್ಮೆ ಆ ಗುಂಪಿನ ಜೊತೆ ಕೂತು, ಆ ಕೋರ್ಸುಗಳಲ್ಲಿ ಬಂದ ವಿಷಯಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿ ಚರ್ಚೆ ಮಾಡಿಸುತ್ತಿದ್ದರು. ಓದಿದ್ದರಲ್ಲಿ ಯಾವುದು ಅರ್ಥವಾಗಲಿಲ್ಲ ಅಂತ ಅವರು ಕಲಿಸುವ ಶಿಕ್ಷಕರಿಗೆ ನೇರವಾಗಿ ಹೇಳಬಹುದಿತ್ತು. ಹದಿನೆಂಟು ವರ್ಷದವರಿಗೆ ಅಷ್ಟು ಧೈರ್ಯ ಬರುವುದಿಲ್ಲ. ಒಬ್ಬ ಪ್ರಾಧ್ಯಾಪಕರೇ 'ನನಗೂ ಇದು ಗೊತ್ತಾಗಲಿಲ್ಲ' ಅಂತ ಕೈ ಎತ್ತಿದರೆ ಪಕ್ಕದಲ್ಲಿ ಕೂತ ಹೊಸಬರಿಗೆ ಎಷ್ಟು ಸಮಾಧಾನ ಆಗುತ್ತದೆ, ಯೋಚಿಸಿ. ಎಲ್ಲ ಕಾಲೇಜಿಗೂ ಒಬ್ಬ ಪ್ರಾಧ್ಯಾಪಕರನ್ನು ಹೀಗೆ ಬಿಟ್ಟುಕೊಡಲು ಆಗದು, ಗೊತ್ತು. ಆದರೆ ಜೋಡಿಯ ಇಬ್ಬರು ಶಿಕ್ಷಕರು ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಆಗಾಗ ಹಿಂದಿನ ಬೆಂಚಿನಲ್ಲಿ ಕೂರುವುದಕ್ಕೆ ಖರ್ಚೇನೂ ಇಲ್ಲ.

ತೊಂದರೆಗಳೂ ಇವೆ. ಒಂದೇ ಗುಂಪು ಎಲ್ಲ ಕಡೆ ಒಟ್ಟಿಗೆ ಇದ್ದರೆ ಅದು ಕೆಲವೊಮ್ಮೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಕ್ಲಾಸಿನಲ್ಲಿ ಗಲಾಟೆ, ಶಿಕ್ಷಕರ ವಿರುದ್ಧ ಒಗ್ಗಟ್ಟು, ಗುಂಪಿನ ಒಳಗೇ ಒಬ್ಬರನ್ನು ಹೊರಗಿಡುವುದು, ಇವೆಲ್ಲ ಇಂಥ ಗುಂಪು ಕಲಿಸಿದ ಶಿಕ್ಷಕರಿಗೆ ಗೊತ್ತಿರುವ ವಿಷಯಗಳೇ. ಹೊರಗಿಡಲ್ಪಟ್ಟವರಿಗೆ ಬೇರೆ ಕ್ಲಾಸಿಗೆ ಹೋಗಿ ಉಸಿರಾಡುವ ಅವಕಾಶವೂ ಇರುವುದಿಲ್ಲ. ಅದಕ್ಕೇ ನಾನು ಎಲ್ಲ ಕೋರ್ಸುಗಳನ್ನೂ ಜೋಡಿಸಿ ಅನ್ನುತ್ತಿಲ್ಲ. ಎರಡು ಸಾಕು. ಉಳಿದ ಕ್ಲಾಸುಗಳಲ್ಲಿ ಬೇರೆಯವರ ಪರಿಚಯ ಆಗಲಿ. ಕ್ಲಾಸಿನ ಒಳಗಿನ ಸಣ್ಣ ತಂಡಗಳನ್ನು ಕೆಲವು ವಾರಕ್ಕೊಮ್ಮೆ ಶಿಕ್ಷಕರೇ ಬದಲಿಸಲಿ. 'ನಿಮಗೆ ಬೇಕಾದವರ ಜೊತೆ ಸೇರಿಕೊಳ್ಳಿ' ಅಂದರೆ ಯಾರ ಜೊತೆಗೂ ಸೇರಲಾಗದವರು ಪ್ರತಿ ಸಲ ಒಂಟಿಯಾಗಿ ಉಳಿಯುತ್ತಾರೆ.

ಇನ್ನೊಂದು ಅಪಾಯ ಹಣೆಪಟ್ಟಿಯದು. ಪ್ರವೇಶದಲ್ಲಿ ಕಡಿಮೆ ಮಾರ್ಕ್ಸ್ ಬಂದವರನ್ನು ಮಾತ್ರ ಹೆಕ್ಕಿ ಜೋಡಿ ಕೋರ್ಸಿಗೆ ಹಾಕಬೇಡಿ. ಒಂದೇ ವಾರದಲ್ಲಿ ಇಡೀ ಕಾಲೇಜಿಗೆ ಅದು 'ದಡ್ಡರ ಬ್ಯಾಚ್' ಆಗುತ್ತದೆ. ಎಲ್ಲ ಮಟ್ಟದವರೂ ಇರಲಿ. ಟ್ರೈಸ್‌ಮನ್ ತಮ್ಮ ವರ್ಕ್‌ಶಾಪಿಗೆ ಯಾವ ಹೆಸರು ಇಟ್ಟರು ಅನ್ನುವುದನ್ನು ಇಲ್ಲಿ ಮತ್ತೆ ಯೋಚಿಸಬೇಕು.

ನೋಂದಣಿ ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಬಹಳ ಕಡೆ ಯೋಜನೆ ಮುಗ್ಗರಿಸುವುದು ಅಲ್ಲೇ. ಎರಡು ಕೋರ್ಸಿಗೆ ಎರಡು ಕೋಡ್ ಇದ್ದರೆ ಒಂದಕ್ಕೆ ಸೇರಿ ಇನ್ನೊಂದನ್ನು ಬಿಡುವವರು ಇರುತ್ತಾರೆ. ಎರಡಕ್ಕೂ ಒಟ್ಟಿಗೆ ಸೇರುವ ಹಾಗೆ ಒಂದೇ ಕೋಡ್ ಮಾಡಿಸಿ. ಒಂದರಲ್ಲಿ ಫೇಲ್ ಆದರೆ ಏನು, ಮಧ್ಯದಲ್ಲಿ ಒಂದನ್ನು ಬಿಡಬೇಕಾದರೆ ಏನು ಅಂತ ಮೊದಲೇ ಬರೆದಿಡಿ. ಒಂದರ ತಪ್ಪಿಗೆ ಇನ್ನೊಂದರಲ್ಲಿ ಶಿಕ್ಷೆ ಆಗಬಾರದು. ಎರಡು ಕ್ಲಾಸುಗಳನ್ನು ಒಂದರ ಹಿಂದೆ ಒಂದರಂತೆ ಇಡಿ. ಚರ್ಚೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಕೆಲಸಕ್ಕೆ ಹೋಗುವವರಿಗೂ ಅನುಕೂಲ. ತಡವಾಗಿ ಸೇರುವವರಿಗಾಗಿ ಕೆಲವು ಸೀಟು ಉಳಿಸಿಡಿ. ತಡವಾಗಿ ಬರುವವರು ಎಷ್ಟೋ ಸಲ ದುಡ್ಡು ಹೊಂದಿಸಲು ಓಡಾಡಿದವರೇ ಆಗಿರುತ್ತಾರೆ. ಸಂಜೆ ಕಾಲೇಜಿನವರನ್ನೂ ಬಿಡಬೇಡಿ.

ಯಾವ ಎರಡು ಕೋರ್ಸು ಅಂತ ಮೇಲಿನಿಂದ ತೀರ್ಮಾನಿಸಿ ಕಳಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಟ್ಟಿಗೆ ಕೆಲಸ ಮಾಡಲು ಮನಸ್ಸಿರುವ ಇಬ್ಬರು ಶಿಕ್ಷಕರನ್ನು ಮೊದಲು ಹುಡುಕಿ. ವಿಷಯ ಯಾವುದಾದರೂ ಅವರು ದಾರಿ ಕಂಡುಕೊಳ್ಳುತ್ತಾರೆ. ಜೀವಶಾಸ್ತ್ರದವರೂ ತತ್ವಶಾಸ್ತ್ರದವರೂ ಸೇರಿ ಔಷಧ ಪ್ರಯೋಗದಲ್ಲಿ ರೋಗಿಯ ಒಪ್ಪಿಗೆ ಅಂದರೆ ಏನು ಅಂತ ಕಲಿಸಬಹುದು. ಇತಿಹಾಸದವರೂ ಅರ್ಥಶಾಸ್ತ್ರದವರೂ ಸೇರಿ ಒಂದು ಬರಗಾಲವನ್ನು ಎರಡು ಕಡೆಯಿಂದ ನೋಡಬಹುದು. ಮನಸ್ಸಿಲ್ಲದ ಇಬ್ಬರನ್ನು ಆದೇಶ ಹೊರಡಿಸಿ ಕೂರಿಸಿದರೆ, ಎರಡು ಹಾಳೆ ಯೋಜನೆ ಬರೆದು ಫೈಲಿಗೆ ಹಾಕಿ ತಮ್ಮ ಪಾಡಿಗೆ ಪಾಠ ಮಾಡುತ್ತಾರೆ. ಅವರನ್ನು ಬೈಯುವ ಹಾಗೂ ಇಲ್ಲ.

ಕೊನೆಯದಾಗಿ, ಲೆಕ್ಕ ಇಡಿ. ಜೋಡಿಗೆ ಅರ್ಜಿ ಹಾಕಿದವರು ಸೀಟಿಗಿಂತ ಹೆಚ್ಚಾದರೆ ಲಾಟರಿ ಎತ್ತಿ. ಅದು ನ್ಯಾಯವೂ ಹೌದು, ಸೀಟು ಸಿಕ್ಕವರನ್ನೂ ಸಿಗದವರನ್ನೂ ಮುಂದೆ ಹೋಲಿಸಿ ನೋಡಲು ದಾರಿಯೂ ಆಯ್ತು. ಇಷ್ಟ ಆಯ್ತಾ ಅಂತ ಫಾರ್ಮ್ ತುಂಬಿಸಿ ನಿಲ್ಲಿಸಬೇಡಿ. ಎರಡನೇ ಸೆಮಿಸ್ಟರ್‌ಗೆ ಎಷ್ಟು ಜನ ಬಂದರು, ಎರಡನೇ ವರ್ಷಕ್ಕೆ ಎಷ್ಟು ಜನ, ಪದವಿ ಎಷ್ಟು ಜನ ಮುಗಿಸಿದರು ಅಂತ ನೋಡಿ. ಮೊದಲ ವರ್ಷದ ಅಂಕಿ ನೋಡಿ ತೀರ್ಪು ಕೊಡಬೇಡಿ. ಶಿಕ್ಷಕರಿಗೂ ಒಟ್ಟಿಗೆ ಕಲಿಸುವುದನ್ನು ಕಲಿಯಲು ಸಮಯ ಬೇಕು. ಮೂರು ವರ್ಷವಾದರೂ ಅದೇ ಶಿಕ್ಷಕರ ಜೋಡಿಯನ್ನು ಮುಂದುವರಿಸಿ, ಆಮೇಲೆ ಅಂಕಿಗಳನ್ನು ಎಲ್ಲರ ಮುಂದೆ ಇಡಿ. ಚೆನ್ನಾಗಿ ಬರದಿದ್ದರೂ ಇಡಿ.

ಇಷ್ಟು ಮಾಡಲು ಹೊಸ ಕಟ್ಟಡ ಬೇಡ, ಹೊಸ ವಿಭಾಗ ಬೇಡ. ಒಂದು ಗುಂಪು, ಎರಡು ಕೋರ್ಸು, ಇಬ್ಬರು ಶಿಕ್ಷಕರು, ವಾರಕ್ಕೊಂದು ಸಂಬಳದ ಗಂಟೆ. ಟೈಮ್‌ಟೇಬಲ್ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ. ಆ ಸಭೆಗೆ ಮೊದಲ ವರ್ಷ ಕಲಿಸುವ ಶಿಕ್ಷಕರನ್ನೂ, ಈಗ ತಾನೇ ಮೊದಲ ವರ್ಷ ಮುಗಿಸಿದ ಕೆಲವು ವಿದ್ಯಾರ್ಥಿಗಳನ್ನೂ ಕರೆಯಿರಿ. ಯಾವ ಕ್ಲಾಸಿನಲ್ಲಿ ಅವರು ಮೊದಲ ಸಲ ಒಬ್ಬರ ಹೆಸರು ಕೇಳಿ ಮಾತಾಡಿಸಿದರು, ಯಾವ ವಾರ ಓದು ಬಿಡಬೇಕು ಅನಿಸಿತ್ತು ಅಂತ ಅವರನ್ನೇ ಕೇಳಿ. ಮೊದಲ ಜೋಡಿ ಎಲ್ಲಿ ಬೇಕು ಅನ್ನುವುದು ಅವರ ಉತ್ತರದಲ್ಲೇ ಸಿಗುತ್ತದೆ.

ವಿಶ್ವಾಸದಿಂದ,
ಮೊದಲ ವರ್ಷದವರಿಗೆ ಬರವಣಿಗೆ ಕಲಿಸುವ ಒಬ್ಬ ಶಿಕ್ಷಕಿ